ಬಾಯ್ಲರ್ ವೈರು ಹೋದ ದಾರಿ

ಬಾಯ್ಲರಿನಿಂದ ಹೊರಟ ವೈರಿನ ಜಾಡು ಹಿಡಿದು ಬಂದ ಮೆಕ್ಯಾನಿಕ್ ಸಪಾರ್, ಬುರುಲಳ ಅತ್ತೆಯ ಮಂಚದ ಪಕ್ಕದ ಗೋಡೆಗೆ ತೂಗುಹಾಕಿದ್ದ ರತ್ನಗಂಬಳಿಯನ್ನು ಸರಿಸಿದ. ಹಿಂದೆ ಪುಟ್ಟ ಸ್ವಿಚ್ಚೊಂದಿತ್ತು. ಒತ್ತಿದ್ದೇ ತಡ, ಅಡುಗೆಮನೆಯಲ್ಲಿ ಪಂಪು ಗುರ್ರೆಂದಿತು. "ಬಾಯ್ಲರ್ ಕೆಟ್ಟೇ ಇಲ್ಲ ತಂಗಿ. ನಿಮ್ಮ ಕೋಣೆ ಬೆಚ್ಚಗಿಡೋ ಕೊಳವೆಗಳಿಗೆ ಬಿಸಿನೀರು ತಳ್ಳೋ ಪಂಪನ್ನ ಇಲ್ಲಿಂದ ನಿಲ್ಲಿಸ್ತಿದ್ದಾರೆ," ಎಂದ, ನೆಲ ನೋಡುತ್ತ.

ಬುರುಲ್ ಆ ಸ್ವಿಚ್ಚನ್ನೇ ನೋಡುತ್ತ ನಿಂತಳು. ನರಿನ್ ಊರಿನ ಎರಡು ಚಳಿಗಾಲ ಅವಳ ಮಗಳು ಕೋಟು ಹಾಕಿಕೊಂಡೇ ಮಲಗಿ ಕೆಮ್ಮಿದ್ದಳು. ಬಾಯ್ಲರ್ ಹಳೇದು ಕಣೇ ಎಂದು ಅತ್ತೆ ಪ್ರತಿ ಸಲವೂ ಲೊಚಗುಟ್ಟಿದ್ದಳು.

"ಬೆಚ್ಚಗಿದ್ರೆ ಇವಳು ಹೊತ್ತು ಹುಟ್ಟಿದ್ರೂ ಏಳಲ್ಲಪ್ಪ," ಅತ್ತೆ ಸಪಾರನಿಗೆ ನಗುತ್ತಲೇ ಹೇಳಿದಳು. "ಏನೇ, ಗರ ಬಡಿದವಳ ಹಾಗೆ ನಿಂತಿದೀಯ? ಚಹಾ ಹಾಕು."

ಬುರುಲ್ ಹಾಕಿದಳು. ಸಪಾರನಿಗೆ ಅರ್ಧ ಬಟ್ಟಲು, ಮರ್ಯಾದಸ್ಥರಿಗೆ ಕೊಡುವಂತೆ. ಅತ್ತೆಯ ಬಟ್ಟಲಿಗೆ ಮಾತ್ರ ಅಂಚಿನ ತನಕ ಸುರಿದು ಮುಂದಿಟ್ಟಳು.

ಅತ್ತೆಯ ನಗು ಮಾಯವಾಯಿತು. "ತುಂಬಿಸಿ ಕೊಡ್ತೀಯಾ? ಬೇಡದ ನೆಂಟರಿಗೆ ಎದ್ದು ಹೋಗಿ ಅಂತ ಕೊಡೋ ಹಾಗೆ, ನನಗೆ?"

"ಬೇಗ ಕುಡೀರಿ ಅತ್ತೆ," ಎಂದಳು ಬುರುಲ್, "ತಣ್ಣಗಾಗುತ್ತೆ."