ಮುನಿರತ್ನಮ್ಮನ ಪಥ್ಯ

ಸಾರಿಗೆ ಉಪ್ಪು ಚೂರು ಕಡಿಮೆಯಾದರೂ ಪಿಳ್ಳಪ್ಪ ತಟ್ಟೆ ಎಸೆಯುತ್ತಿದ್ದ. ಮೂವತ್ತು ವರ್ಷ ಅವನ ಹೆಂಡತಿ ಮುನಿರತ್ನಮ್ಮ ಗೋಡೆ ಒರೆಸಿದಳು. ಒಮ್ಮೆ ಕುದಿಯುವ ಸಾರು ಬಿದ್ದು ಅವಳ ಮುಂಗೈಯೇ ಸುಟ್ಟಿತ್ತು.

ಅವನಿಗೆ ಕೊಲೆಸ್ಟ್ರಾಲ್ ಮಾತ್ರೆ ಶುರುವಾದ ದಿನ ಅವಳ ಕಾಲ ಬಂತು.

“ಉಪ್ಪು ಬ್ಯಾಡ ಅಂದವ್ರೆ ಡಾಕ್ಟ್ರು. ಕಾಫಿ, ಮೊಟ್ಟೆ, ಬಾಳೆಹಣ್ಣು ಏನೂ ಮುಟ್ಟಂಗಿಲ್ಲ. ಮಾತ್ರೆಗೆ ಆಗಲ್ವಂತೆ.”

ಆರು ತಿಂಗಳು ಮುದ್ದೆಯ ಜೊತೆ ಉಪ್ಪಿಲ್ಲದ ಬೇಯಿಸಿದ ಸೊಪ್ಪನ್ನೇ ಬಡಿಸಿದಳು. ತಾನು ಅವನೆದುರೇ ಕೂತು ಕೋಳಿ ಸಾರು ಉಂಡಳು. ಅವನು ತಲೆ ಬಗ್ಗಿಸಿ ನುಂಗುವುದನ್ನು ನೋಡಿದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಇಬ್ಬರೂ ಮತ್ತೆ ತೋರಿಸಲು ಹೋದಾಗ ಡಾಕ್ಟರು ಹುಬ್ಬೇರಿಸಿದರು. “ಯಾಕಿಷ್ಟು ಸೊರಗಿದ್ದೀರಿ?”

“ಪಥ್ಯ ಸ್ವಾಮಿ,” ಎಂದ ಪಿಳ್ಳಪ್ಪ.

“ಎಂಥ ಪಥ್ಯ? ಎಣ್ಣೆ ತುಪ್ಪ ಕಡಿಮೆ ಮಾಡಿ, ಈ ಮಾತ್ರೆ ತಗೊಳ್ಳೋವಾಗ ಚಕ್ಕೋತ ಹಣ್ಣು ಬೇಡ. ನಿಮ್ಮ ಮನೆಯವರಿಗೆ ನಾನು ಹೇಳಿದ್ದು ಇಷ್ಟೇ ಅಲ್ವಾ?”

ಮುನಿರತ್ನಮ್ಮನ ಮುಖ ಬಿಳುಚಿಕೊಂಡಿತು. ಪಿಳ್ಳಪ್ಪ ಅವಳ ಕಡೆ ತಿರುಗಲಿಲ್ಲ.

“ಗೊತ್ತು ಸ್ವಾಮಿ,” ಎಂದ. “ಅವತ್ತು ಪರದೆ ಹಿಂದೆ ಅಂಗಿ ಹಾಕ್ಕೊಳ್ತಾ ನಾನೂ ಕೇಳಿಸ್ಕೊಂಡಿದ್ದೆ.”