ಹೊಳೆಗೆ ಬಿಡದ ತಲೆಬಾಗಿಲು

ಪ್ರವಾಹದ ನೀರು ಅಂಗಳಕ್ಕೆ ನುಗ್ಗಿದಾಗ, ಮುತ್ತಜ್ಜ ಕೆತ್ತಿಸಿದ್ದ ತಲೆಬಾಗಿಲನ್ನು ಚೌಕಟ್ಟಿನ ಸಮೇತ ಹಾರೆಯಿಂದ ಕಿತ್ತು, ಅದನ್ನೇ ತೆಪ್ಪವಾಗಿಸಿ ಹೆಂಡತಿಯನ್ನು ದಿಬ್ಬಕ್ಕೆ ಮುಟ್ಟಿಸಿದವನು ಆ ವೃದ್ಧ. ಉಳಿದ ಮನೆಯನ್ನು ಹೊಳೆ ಒಯ್ದಿತು. ಅಂದಿನಿಂದ ಅವರ ವಾಸ ತಗಡಿನ ಶೆಡ್ಡಿನಲ್ಲಿ. ಶೆಡ್ಡಿಗೆ ಅದೇ ಬಾಗಿಲು.

ಎಷ್ಟೋ ವರ್ಷಗಳ ಬಳಿಕ, ನೆರೆ ಸಂತ್ರಸ್ತರಲ್ಲಿ ಕಾಯಂ ಮನೆ ಯಾರಿಗೆ ಸಲ್ಲಬೇಕೆಂದು ಪರಿಶೀಲಿಸಲು ಪಂಚಾಯಿತಿಯ ತರುಣ ಅಧಿಕಾರಿ ಬಂದ. ಕೆತ್ತನೆಯ ಮೇಲೆ ಕೈಯಾಡಿಸಿ, "ಭಾರಿ ಐತ್ರಿ ಅಜ್ಜಾರ! ಇದೆಂಗ ಉಳೀತು?" ಎಂದ.

ವೃದ್ಧ ಹೆಮ್ಮೆಯಿಂದ ಎಲ್ಲವನ್ನೂ ಹೇಳಿದ.

"ನೀವು ಕಿತ್ತಾಗ ಮನಿ ಇನ್ನಾ ನಿಂತಿತ್ತೇನ್ರಿ?"

"ಹೂಂ ಮತ್ತ! ಚೌಕಟ್ಟು ಹೊರಗ ಬಂತು, ಮುಂದಿನ ಗ್ವಾಡಿ ದಬಕ್ಕಂತ ಬಿತ್ತು. ಹೊಳಿಗಿಂತ ನಾನ ಜೋರ!"

"ಸಾಕು ಸುಮ್ನಿರ್ರಿ, ನಿಮ್ಮ ಪೌರುಷ!" ಎಂದು ಒಳಗಿನಿಂದ ಹೆಂಡತಿ ನಕ್ಕಳು.

ಅಧಿಕಾರಿ ನಗಲಿಲ್ಲ. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ವೃದ್ಧನ ಬಾಯಿಯ ಹತ್ತಿರ ಹಿಡಿದ.

"ನನ್ನ ಕೈಯಾಗ ಏನಿಲ್ರಿ, ಅಜ್ಜಾರ. ಹೊಳಿ ಕೆಡವಿದ ಮನಿಗಷ್ಟ ಪಂಚಾಯ್ತಿ ಮನಿ ಕೊಡ್ತೈತಿ. ಗ್ವಾಡಿ ನೀವ ಕೆಡವಿದ್ದು ಇನ್ನೊಮ್ಮೆ ಹೇಳ್ರಿ."