ಎಲ್ಯಾಸನ ಪಾಲು

"ಒಂದು ಗುಟುಕು ನೀರು ಕೊಡೇ, ಯಾನೆತ್. ನಾಲಿಗೆ ಅಂಟ್ಕೊಂಡಿದೆ." ಪಾಳುಬಿದ್ದ ಗಣಿಯ ಗೋಡೆಗೆ ಒರಗಿ ಮೌರೊ ಕೈ ಚಾಚಿದ. ಅಟಕಾಮ ಮರುಭೂಮಿಯ ಈ ಓಟವನ್ನು ಹೋದ ವರ್ಷ ಗೆದ್ದವನೂ ಅವನೇ. ಅಂದು ಇದೇ ಗೋಡೆಯ ಬುಡದಲ್ಲಿ ಕುಸಿದು ನೀರು ಕೇಳಿದ ಅವಳ ತಮ್ಮ ಎಲ್ಯಾಸನನ್ನು ದಾಟಿ ಓಡಿದ್ದ. ಎಲ್ಯಾಸ್ ಸತ್ತ ಜಾಗದಲ್ಲಿ ಈಗ ತಗಡಿನ ಶಿಲುಬೆಯಿದೆ.

"ನಾನವನನ್ನ ನೋಡ್ಲೇ ಇಲ್ಲ ಕಣೇ, ನಮ್ಮಮ್ಮನಾಣೆ," ಎಂದ, ಅವಳು ಏನೂ ಕೇಳದಿದ್ದರೂ.

ಯಾನೆತ್ ತನ್ನ ಬಾಟಲಿಯ ಮುಚ್ಚಳ ತೆಗೆದಳು. "ಮೊದ್ಲು ಸತ್ತವರ ಪಾಲು. ನಮ್ಮೂರ ಪದ್ಧತಿ ಮರೆತ್ಯೇನೋ, ಚಾಂಪಿಯನ್?"

ಮೌರೊ ತಲೆಯಾಡಿಸಿ ಕಾದ. ಅವಳು ಶಿಲುಬೆಯ ಬುಡಕ್ಕೆ ನೀರು ಬಗ್ಗಿಸಿದಳು. ನೆಲ ಸದ್ದಿಲ್ಲದೆ ಕುಡಿಯಿತು. ಬಾಟಲಿ ಅರ್ಧವಾಯಿತು. ಅವನು ಅವಳ ಕೈಯನ್ನೇ ನೋಡುತ್ತಿದ್ದ. ಬಾಟಲಿ ಬಗ್ಗಿಸಿದ ಆ ಕೈ ಮೇಲೇಳಲಿಲ್ಲ.